ಪ್ರವಾಸ ಬರೆಯಬೇಕೆಂದಿರುವ ನಮ್ಮೂರ ಎಳೆಯರಿಗೆ

ಆವರಗೆರೆ, ದಾವಣಗೆರೆ

ದಾವಣಗೆರೆ, ಹರಿಹರದಲ್ಲಿ ಓದುತ್ತಿರುವ, ಓದು ಮುಗಿಸಿ ಕೆಲಸ ಹುಡುಕುತ್ತಿರುವ, ಬರೆಯುವ ಆಸೆಯನ್ನು ಇನ್ನೂ ಕೈಬಿಡದ ಹುಡುಗ ಹುಡುಗಿಯರೇ,



ಹೋದ ವಾರ ನಮ್ಮ ಬೀದಿಯ ಹುಡುಗಿಯೊಬ್ಬಳು ಮನೆಗೆ ಬಂದು, ‘ಟೀಚರ್, ಪ್ರವಾಸದ ಲೇಖನ ಬರೆದು ದುಡ್ಡು ಸಂಪಾದಿಸಬಹುದಾ?’ ಎಂದು ಕೇಳಿದಳು. ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಕೆಲಸ ಸಿಕ್ಕ ಮೇಲೆ ದುಡ್ಡು ಕೂಡಿಸಿ ಹಿಮಾಚಲಕ್ಕೆ ಹೋಗುವುದು, ಬಂದು ಬರೆಯುವುದು ಅವಳ ಲೆಕ್ಕ. ‘ಅಲ್ಲಿಯವರೆಗೂ ಇಲ್ಲಿಂದೇ ಬರಿಯವ್ವಾ’ ಎಂದೆ. ‘ಇಲ್ಲೇನೈತಿ ಟೀಚರ್, ದೋಸೆ ಒಂದು ಬಿಟ್ರೆ?’ ಎಂದಳು.

ಇದೇ ಮಾತನ್ನು ನಾನು ಪಾಠ ಹೇಳುತ್ತಿದ್ದ ಕಾಲದಲ್ಲೂ ಕೇಳಿದ್ದೇನೆ. ‘ನೀವು ನೋಡಿದ ಒಂದು ಸ್ಥಳ’ ಎಂದು ಪ್ರಬಂಧ ಕೊಟ್ಟರೆ ತರಗತಿಗೆ ತರಗತಿಯೇ ಬೇಲೂರು, ಜೋಗ, ಮೈಸೂರು ಅರಮನೆ ಎಂದು ಬರೆಯುತ್ತಿತ್ತು. ಎಷ್ಟೋ ಮಕ್ಕಳು ಆ ಊರುಗಳನ್ನು ನೋಡಿರುತ್ತಿರಲಿಲ್ಲ, ಗೈಡ್ ಪುಸ್ತಕ ನೋಡಿ ಇಳಿಸುತ್ತಿದ್ದರು. ತುಂಗಭದ್ರೆಯ ದಡದಲ್ಲಿ ಹುಟ್ಟಿದ ಹುಡುಗ ತುಂಗಭದ್ರೆಯ ಬಗ್ಗೆ ಒಂದು ಸಾಲೂ ಬರೆಯುತ್ತಿರಲಿಲ್ಲ. ಅವಳೊಬ್ಬಳಿಗೆ ಹೇಳಿ ಮುಗಿಸಬಹುದಾಗಿದ್ದ ಮಾತನ್ನು ನಿಮ್ಮೆಲ್ಲರಿಗೂ ಬರೆಯುತ್ತಿರುವುದು ಅದಕ್ಕೇ.

ಅವಳ ಮೊದಲ ಪ್ರಶ್ನೆಗೆ ಉತ್ತರ ನನಗೂ ಪೂರ್ತಿ ಗೊತ್ತಿರಲಿಲ್ಲ. ಹಾಗಾಗಿ ಈ ವಾರ ಇಬ್ಬರೂ ಅದನ್ನೇ ಕಲಿತೆವು. ಬೆಂಗಳೂರಿನ ವಾರಪತ್ರಿಕೆಯೊಂದರ ಡೆಸ್ಕಿನಲ್ಲಿ ಬಹುಕಾಲ ದುಡಿದು ನಿವೃತ್ತರಾದ ನನ್ನ ಗೆಳತಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಹುಡುಗಿಯ ಕೈಗೆ ನೋಟ್‌ಬುಕ್ಕು ಕೊಟ್ಟೆ. ಗೆಳತಿ ಹೇಳಿದ್ದರಲ್ಲಿ ನಿಮಗೆ ಉಪಯೋಗವಾಗುವಂಥದ್ದನ್ನು ಮುಂದೆ ಬರೆಯುತ್ತೇನೆ. ಅವಳ ಒಂದು ಮಾತನ್ನು ಮಾತ್ರ ಈಗಲೇ ಹೇಳಬೇಕು. ಹಂಪಿಯ ಬಗ್ಗೆ, ಕೊಡಗಿನ ಬಗ್ಗೆ ಬರುವ ಲೇಖನಗಳಿಗೆ ಮೇಜಿನ ಮೇಲೆ ಜಾಗವಿರುವುದಿಲ್ಲವಂತೆ. ಸಣ್ಣ ಊರಿನಿಂದ, ಆ ಊರಿನವರೇ, ಕಣ್ಣಾರೆ ಕಂಡದ್ದನ್ನು ಬರೆದು ಕಳಿಸಿದ ಲೇಖನ ಬಂದರೆ ಡೆಸ್ಕಿನವರು ಕೈಯಲ್ಲಿದ್ದುದನ್ನು ಬಿಟ್ಟು ಓದುತ್ತಾರಂತೆ. ಅಂಥವು ಬರುವುದೇ ಅಪರೂಪವಂತೆ.

ನಾವು ಈ ವಾರವೆಲ್ಲ ಊರು ಸುತ್ತಿದ್ದು ಈ ಮಾತನ್ನು ನಂಬಿ. ವಿಶೇಷ ದಿನಗಳೇನಲ್ಲ. ಜಾತ್ರೆಯಿರಲಿಲ್ಲ, ಹಬ್ಬವಿರಲಿಲ್ಲ. ನನ್ನ ಮನೆಗೆಲಸ, ಅವಳ ಕಾಲೇಜು ಎರಡೂ ನಡೆದೇ ಇದ್ದವು.

ಸೋಮವಾರ ಬೆಳಗ್ಗೆ ನಮ್ಮಲ್ಲಿಗೆ ಹಾಲು ತರುವ ರೈತ ಸೈಕಲ್ ನಿಲ್ಲಿಸಿ, ಜಗಲಿಯ ಮೇಲಿದ್ದ ಪೇಪರ್ ತಿರುವಿ ಭದ್ರಾ ಡ್ಯಾಮಿನ ಮಟ್ಟ ನೋಡಿದರು. ಮಳೆಗಾಲ ಶುರುವಾದರೆ ನಮ್ಮ ಕಡೆ ಬಹಳ ಜನ ಪೇಪರಿನಲ್ಲಿ ಮೊದಲು ನೋಡುವುದು ಅದನ್ನೇ. ಡ್ಯಾಮಿನ ಪೂರ್ಣ ಮಟ್ಟ 186 ಅಡಿ. ಅದು ಎಷ್ಟಕ್ಕೆ ಬಂತು, ನಾಲೆಗೆ ನೀರು ಯಾವಾಗ, ಎಷ್ಟು ದಿನ, ಕೊನೆಯಂಚಿನ ಗದ್ದೆಗೆ ತಲುಪುತ್ತದೋ ಇಲ್ಲವೋ ಎಂಬುದರ ಮೇಲೆ ದಾವಣಗೆರೆ, ಹರಿಹರ ತಾಲ್ಲೂಕುಗಳ ಭತ್ತ ನಿಂತಿದೆ. ಅಣೆಕಟ್ಟೆ ಇರುವುದು ದೂರದ ಲಕ್ಕವಳ್ಳಿಯಲ್ಲಿ. ಪೇಪರ್ ಮಡಚಿಟ್ಟು, ‘ಈ ಸಲ ಪರವಾಗಿಲ್ಲಮ್ಮಾ’ ಎಂದು ಹೇಳಿ ಅವರು ಹೊರಟರು. ಲಕ್ಕವಳ್ಳಿಯಿಂದ ಇಲ್ಲಿಯ ಕೊನೆಯ ಗದ್ದೆಯವರೆಗೆ ನಾಲೆಯ ದಂಡೆ ಹಿಡಿದು ಹೋಗಿ ಯಾರಾದರೂ ಬರೆದರೆ ಅದು ಎಂಥ ಪ್ರವಾಸ ಕಥನವಾದೀತು! ಆ ನೀರು ಎಷ್ಟು ಊರು ದಾಟುತ್ತದೆ, ಎಷ್ಟು ಜಗಳ ಕಾಣುತ್ತದೆ, ಯಾರ ಗದ್ದೆಯಲ್ಲಿ ನಿಲ್ಲುತ್ತದೆ ಎಂದು ನೋಡಿ ಬರೆಯುವವರು ನಿಮ್ಮಲ್ಲೇ ಯಾರಾದರೂ ಆಗಲಿ ಎಂಬುದು ನನ್ನ ಆಸೆ.

ಬುಧವಾರ ಮಂಡಕ್ಕಿ ಭಟ್ಟಿಗೆ ಹೋದೆವು. ಬೆಣ್ಣೆದೋಸೆಯ ಫೋಟೊ ತೆಗೆಯದವರು ನಿಮ್ಮಲ್ಲಿ ಇಲ್ಲ, ಆದರೆ ಆ ದೋಸೆಯ ಹಿಟ್ಟಿಗೆ ಬೀಳುವ ಮಂಡಕ್ಕಿಯನ್ನು ಎಲ್ಲಿ ಹುರಿಯುತ್ತಾರೆ ಎಂದು ನೋಡಿದವರು ಎಷ್ಟು ಜನ? ನಾವು ಹೋದ ಭಟ್ಟಿಯಲ್ಲಿ ಗಂಡ ಒಲೆಗೆ ಹೊಟ್ಟು ತಳ್ಳುತ್ತಿದ್ದರು, ಹೆಂಡತಿ ಬಾಣಲೆಯ ಮುಂದೆ ಕೂತಿದ್ದರು. ಉಪ್ಪುನೀರು ಹಚ್ಚಿ ಒಣಗಿಸಿದ ಅಕ್ಕಿಯನ್ನು ಒಂದೊಂದೇ ಬೊಗಸೆಯಂತೆ ಕಾದ ಮರಳಿಗೆ ಹಾಕಿ ಅವರು ಕೈಯಾಡಿಸಿದರೆ ಪಟಪಟ ಸದ್ದು. ನೋಡುತ್ತಿದ್ದಂತೆ ಬಾಣಲೆಯೆಲ್ಲ ಬೆಳ್ಳಗಾಗುತ್ತಿತ್ತು. ಕೂಡಲೇ ಅದನ್ನು ಜರಡಿಗೆ ಎತ್ತಿ ಹಾಕಬೇಕು. ತಡವಾದರೆ ಕೆಂಪಗಾಗುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಮರಳು ಕೆಳಕ್ಕೆ, ಮಂಡಕ್ಕಿ ಮೇಲಕ್ಕೆ, ಮತ್ತೆ ಮುಂದಿನ ಬೊಗಸೆ. ಅವರ ಬಲಗೈಯ ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಕಲೆಗಳಿದ್ದವು. ‘ಏನ್ ಬರ್ಕಂತೀಯವ್ವಾ, ಇದನ್ಯಾರು ಓದ್ತಾರೆ?’ ಎಂದು ನಮ್ಮ ಹುಡುಗಿಯನ್ನು ಕೇಳಿದರು. ಹೊರಗೆ ಬಂದಾಗ ನಮ್ಮಿಬ್ಬರ ಕಣ್ಣೂ ಉರಿಯುತ್ತಿದ್ದವು. ಅವರಿಗೆ ದಿನವಿಡೀ ಅದೇ ಹೊಗೆ.

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲಿ ದೇಶದ 20 ಊರುಗಳಲ್ಲಿ ಒಂದಾಗಿ ದಾವಣಗೆರೆಯ ಹೆಸರೂ ಬಂದಾಗ, ಈ ಭಟ್ಟಿಗಳನ್ನು ಆಧುನಿಕಗೊಳಿಸುವ ಮಾತು ಆ ಯೋಜನೆಯೊಳಗೇ ಇತ್ತು. ಆ ಮಾತು ಎಲ್ಲಿಯವರೆಗೆ ಬಂದಿದೆ ಎಂದು ಭಟ್ಟಿಯ ಮುಂದೆ ಕೂತವರನ್ನೇ ಕೇಳಿ ಬರೆಯಬೇಕು. ಪ್ರವಾಸ ಲೇಖನದಲ್ಲಿ ಇದೆಲ್ಲ ಯಾಕೆ ಎನ್ನಬೇಡಿ. ರುಚಿಯನ್ನು ಮಾತ್ರ ಬರೆದು, ಅದಕ್ಕಾಗಿ ಹೊಗೆ ಕುಡಿದವರನ್ನು ಬಿಟ್ಟರೆ ಆ ಊರಿಗೆ ಹೋಗಿ ಬಂದಂತೆ ಆಗುವುದಿಲ್ಲ.

ಶುಕ್ರವಾರ ಹರಿಹರಕ್ಕೆ. ಹತ್ತಿರ ಹತ್ತಿರ 14 ಕಿಲೋಮೀಟರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್. ಹೆಣ್ಣುಮಕ್ಕಳೇ, ಪ್ರವಾಸಕ್ಕೆ ಮನೆಯಲ್ಲಿ ದುಡ್ಡು ಕೇಳುವುದು ಹೇಗೆ ಎಂಬ ಸಂಕೋಚ ನಿಮ್ಮ ಅಮ್ಮಂದಿರ ಕಾಲದಲ್ಲಿ ಇದ್ದಷ್ಟು ಈಗ ಇಲ್ಲ. ಗುರುತಿನ ಚೀಟಿ ಚೀಲದಲ್ಲಿದ್ದರೆ ರಾಜ್ಯದ ಯಾವ ಮೂಲೆಗೂ ಹೋಗಿ ಬರಬಹುದು. ಈ ಅವಕಾಶವನ್ನು ಬರವಣಿಗೆಗೂ ಬಳಸಿಕೊಳ್ಳಿ ಎಂದು ನಿಮ್ಮನ್ನು ವಿಶೇಷವಾಗಿ ಕೇಳಿಕೊಳ್ಳುತ್ತೇನೆ.

ಹರಿಹರೇಶ್ವರನ ಗುಡಿಯನ್ನು ನೀವು ನೋಡಿಯೇ ಇರುತ್ತೀರಿ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ್ದು. ಸೋಮನಾಥಪುರದ ಗುಡಿ ಕಟ್ಟಿಸಿದ ಸೋಮ ದಂಡನಾಯಕನೇ ಮುಂದೆ 1268ರಲ್ಲಿ ಇಲ್ಲಿಯೂ ಕೆಲಸ ಮಾಡಿಸಿದ. ಬಲಕ್ಕೆ ಶಿವ, ಎಡಕ್ಕೆ ವಿಷ್ಣು, ಒಂದೇ ಮೂರ್ತಿ. ಇಷ್ಟನ್ನು ಯಾರು ಬೇಕಾದರೂ ಬರೆಯುತ್ತಾರೆ. ನಮ್ಮ ಹುಡುಗಿ ಬರೆದುಕೊಂಡದ್ದು ಬೇರೆ: ಮುಖಮಂಟಪದ ಕಂಬಗಳಲ್ಲಿ ಜನ ಒರಗಿ ಕೂರುವ ಎತ್ತರಕ್ಕೆ ಮಾತ್ರ ಎಣ್ಣೆಗಟ್ಟಿದ ಹೊಳಪಿದೆ, ಅದರ ಮೇಲೆ ಕಲ್ಲು ಮಂಕು. ಮಧ್ಯಾಹ್ನದ ಬಿಸಿಲಿಗೆ ಹಳ್ಳಿಯಿಂದ ಬಂದ ಇಬ್ಬರು ಅಜ್ಜಿಯರು ಅಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದರು. ಅವಳ ಪುಟದಲ್ಲಿ ಈ ಸಾಲು ಓದಿದಾಗ ನನಗೆ ಬಹಳ ಸಂತೋಷವಾಯಿತು. ಇಸವಿಗಳನ್ನು ಪುಸ್ತಕದಿಂದ ತರಬಹುದು, ಕಂಬದ ಹೊಳಪನ್ನು ಅಲ್ಲಿ ನಿಂತವರೇ ತರಬೇಕು.

ಗುಡಿಯಿಂದ ಹೊಳೆಯ ಕಡೆ ನಡೆದೆವು. ಹರಿಹರದ ಹಳೆಯ ಸೇತುವೆ 1868ರದು. ಕಲ್ಲು, ಇಟ್ಟಿಗೆಯ 14 ಕಮಾನುಗಳು, ಒಂದೊಂದೂ 60 ಅಡಿಯ ಹರವು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿ ಹೊಳೆ ದಾಟಲೆಂದು ಕಟ್ಟಿದ್ದು. ದಡದಲ್ಲಿ ನಿಂತು ಅವಳಿಗೆ ಹೇಳಿದೆ: 1956ರ ನವೆಂಬರ್ 1ಕ್ಕೆ ಮೊದಲು ಈ ಹೊಳೆಯ ಈಚೆ ಮೈಸೂರು, ಆಚೆ ಮುಂಬಯಿ ರಾಜ್ಯ. ಎರಡೂ ದಡದಲ್ಲಿ ಕನ್ನಡವೇ, ನೆಂಟಸ್ತನವೂ ಇತ್ತು, ಆದರೆ ಸರ್ಕಾರ ಬೇರೆ. ಅವಳಿಗೆ ಇದು ಗೊತ್ತಿರಲಿಲ್ಲ. ನಿಮ್ಮ ಮನೆಗಳಲ್ಲಿ ಆ ಕಾಲ ಕಂಡ ಹಿರಿಯರು ಇನ್ನೂ ಇದ್ದಾರೆ. ಹೊಳೆ ದಾಟಿ ಮದುವೆಯಾಗಿ ಬಂದ ಅಜ್ಜಿಯೊಬ್ಬರಾದರೂ ನಿಮ್ಮ ಬೀದಿಯಲ್ಲಿ ಇದ್ದಾರು. ಅವರ ಹತ್ತಿರ ಈ ತಿಂಗಳೇ ಕೂತುಕೊಳ್ಳಿ, ಮುಂದಿನ ರಜೆಗೆ ಎಂದು ಮುಂದೂಡಬೇಡಿ.

ಅಲ್ಲೇ ಹರಿದ್ರಾ ನದಿ ತುಂಗಭದ್ರೆಗೆ ಸೇರುತ್ತದೆ. ಆ ನೀರು ಬರುವುದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ, ಅಂದರೆ ಶಾಂತಿಸಾಗರದಿಂದ. ಆ ಕೆರೆಯ ಬಗ್ಗೆ ಬರೆದವರೆಲ್ಲ ‘ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ’ ಎಂದು ಶುರು ಮಾಡುತ್ತಾರೆ. ಯಾರು ಅಳೆದರು, ಯಾವಾಗ, ಯಾವುದಕ್ಕೆ ಹೋಲಿಸಿ ಎಂದು ಒಬ್ಬರೂ ಹೇಳುವುದಿಲ್ಲ. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದದ್ದು. ದಯವಿಟ್ಟು ಆ ಸಾಲನ್ನು ನೀವು ಬರೆಯಬೇಡಿ. ಎರಡು ಗುಡ್ಡಗಳ ನಡುವೆ ಹಾಕಿದ ಆ ಏರಿಯ ಮೇಲೆ ನಡೆದು ನೋಡಿ. ಸಿದ್ಧ ನಾಲೆ, ಬಸವ ನಾಲೆ ಎಂದು ಎರಡು ತೂಬುಗಳಿಗೆ ಹೆಸರಿದೆ, ಅವುಗಳ ಕೆಳಗೆ ಯಾವ ಊರಿನ ಗದ್ದೆಗಳಿವೆ ಎಂದು ಕೇಳಿ. ದೂರದ ಚಿತ್ರದುರ್ಗಕ್ಕೆ ಕುಡಿಯುವ ನೀರು ಹೋಗುವುದೂ ಇದೇ ಕೆರೆಯಿಂದ. ಇಷ್ಟು ಬರೆದರೆ ಆ ಕೆರೆಯ ದೊಡ್ಡತನ ಓದುಗರಿಗೆ ತಾನೇ ತಿಳಿಯುತ್ತದೆ.

ನಮ್ಮ ಊರನ್ನು ನಮಗಿಂತ ಮೊದಲು ಬರೆದವರು ದಾರಿಹೋಕರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ನೋಡಿ ಬರೆಯಲು ಕಂಪನಿ ಸರ್ಕಾರ ಕಳಿಸಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಹರಿಹರ, ದಾವಣಗೆರೆಗಳನ್ನು ಹಾದುಹೋದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ದಾವಣಗೆರೆಯ ಕಂಬಳಿ ನೇಯ್ಗೆಯ, ವ್ಯಾಪಾರದ ಸುದ್ದಿ ಇದೆ. ಅವನಿಗೆ ಬೇಕಾಗಿದ್ದುದು ಕಂಪನಿಗೆ ಪ್ರಯೋಜನವಾಗುವ ಲೆಕ್ಕ. ಆದರೂ ಕಣ್ಣಿಗೆ ಬಿದ್ದುದನ್ನು, ಕೇಳಿ ತಿಳಿದುದನ್ನು ಅಂದಂದೇ ಬರೆದಿಟ್ಟ. ಆ ಕಂಬಳಿ ನೇಯ್ದ ಕುರುಬರ ಮನೆಯವರು ತಮ್ಮ ಮಾತಿನಲ್ಲಿ ಬರೆದಿಟ್ಟಿದ್ದರೆ ಇನ್ನೂ ಎಷ್ಟು ತಿಳಿಯುತ್ತಿತ್ತು! ಮುಂದೆ ಹತ್ತಿಯ ಮಿಲ್ಲುಗಳು ಬಂದವು, ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದರು, ಮಿಲ್ಲುಗಳು ಮುಚ್ಚಿದವು. ಅವುಗಳಲ್ಲೊಂದು ಮಿಲ್ಲಿನ ಹೆಸರಾಗಿದ್ದ ಡಿಸಿಎಂ ನಮ್ಮ ಕಡೆ ಈಗ ಒಂದು ಬಡಾವಣೆಯ ಹೆಸರು. ಆ ಮಿಲ್ಲಿನ ಸೈರನ್ನಿಗೆ ಎದ್ದು ಪಾಳಿಗೆ ಹೋದವರ ಮೊಮ್ಮಕ್ಕಳು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಇದನ್ನೂ ದಾರಿಹೋಕರೇ ಬಂದು ಬರೆಯಲಿ ಎಂದು ಬಿಡುತ್ತೀರಾ?

ಊರ ಹತ್ತಿರದ್ದನ್ನು ಬರೆದರೆ ಅದು ಸಾಹಿತ್ಯವಾಗುವುದಿಲ್ಲ ಎಂಬ ಅಂಜಿಕೆಯೂ ಬೇಡ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ನಿಮಗೆ ಗೊತ್ತಿರಬಹುದು. ಅದಕ್ಕೆ ಎರಡು ವರ್ಷ ಮೊದಲು, 1978ರಲ್ಲಿ, ಅದೇ ಪ್ರಶಸ್ತಿ ಬಂದದ್ದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪುಸ್ತಕಕ್ಕೆ. ಒಬ್ಬ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡಮರ ನೋಡಲು ಕಾಡು ಸುತ್ತಿದ ಕಥೆ ಅದು. ವಿ.ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಹಂಪಿಗೆ ಹೋಗಿಬಂದದ್ದು. ಈ ಕೊನೆಯ ಎರಡನ್ನೂ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕೇಳಿ. ಇಲ್ಲ ಎಂದರೆ ತರಿಸಿ ಎಂದು ವಿನಯದಿಂದ ಒತ್ತಾಯಿಸಿ.

ಇನ್ನು ಗೆಳತಿ ಹೇಳಿದ ವ್ಯವಹಾರದ ಮಾತುಗಳು. ಲೇಖನವನ್ನು ಒಂದು ಸಲಕ್ಕೆ ಒಂದೇ ಪತ್ರಿಕೆಗೆ ಕಳಿಸಿ. ‘ಇದು ನನ್ನ ಸ್ವಂತ ಬರಹ, ಬೇರೆಲ್ಲೂ ಪ್ರಕಟವಾಗಿಲ್ಲ’ ಎಂದು ಕೆಳಗೆ ಬರೆಯಿರಿ. ಉತ್ತರ ಬರಲಿಲ್ಲವೆಂದು ವಾರಕ್ಕೇ ಫೋನ್ ಮಾಡಬೇಡಿ. ತಿಂಗಳುಗಳು ಕಾದರೂ ಸುದ್ದಿಯಿಲ್ಲದಿದ್ದರೆ, ಹಿಂಪಡೆಯುತ್ತಿದ್ದೇನೆ ಎಂದು ತಿಳಿಸಿ ಬೇರೆಡೆಗೆ ಕಳಿಸಿ. ಮಳೆಗಾಲದ ಜಲಪಾತದ ಲೇಖನವನ್ನು ಮಳೆಗಾಲ ಮುಗಿಯುವಾಗ ಕಳಿಸಿದರೆ ಅದು ಮುಂದಿನ ವರ್ಷದವರೆಗೆ ಫೈಲಿನಲ್ಲೇ ಇರುತ್ತದೆ, ಬೇಸಿಗೆಯಲ್ಲೇ ತಲುಪಬೇಕು. ಫೋಟೊಗಳನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಗುಣಮಟ್ಟ ಇಳಿದು ಅಚ್ಚಿಗೆ ಬರುವುದಿಲ್ಲ, ಇಮೇಲ್‌ನಲ್ಲಿ ಮೂಲ ಅಳತೆಯಲ್ಲೇ ಲಗತ್ತಿಸಿ. ಪ್ರತಿ ಫೋಟೊದಲ್ಲಿ ಏನಿದೆ, ಎಲ್ಲಿ ತೆಗೆದದ್ದು ಎಂದು ಒಂದೊಂದು ಸಾಲು ಬರೆಯಿರಿ. ಗೂಗಲ್‌ನಿಂದ ಎತ್ತಿದ ಫೋಟೊ ನಿಮ್ಮದಲ್ಲ. ಗರ್ಭಗುಡಿಯ ಮುಂದೆ ಮೊಬೈಲ್ ಎತ್ತುವ ಮುನ್ನ ಅರ್ಚಕರನ್ನು ಕೇಳಿ. ಭಟ್ಟಿಯಲ್ಲಿ, ಹೊಲದಲ್ಲಿ ದುಡಿಯುವವರ ಮುಖ ತೆಗೆಯುವ ಮುನ್ನ ಅವರನ್ನು ಕೇಳಿ. ನಮ್ಮ ಬಾಣಲೆಯ ತಾಯಿ ‘ಮುಖ ಬ್ಯಾಡ, ಕೈ ಬೇಕಾದ್ರೆ ತಗಳ್ರಿ’ ಎಂದರು. ಕೈಯದೇ ತೆಗೆದೆವು.

ದುಡ್ಡಿನ ವಿಷಯವನ್ನು ಮುಚ್ಚಿಡುವುದಿಲ್ಲ. ಹವ್ಯಾಸಿ ಬರಹಗಾರರಿಗೆ ಪತ್ರಿಕೆಗಳು ಕೊಡುವ ಸಂಭಾವನೆಯಿಂದ ಮನೆ ನಡೆಯುವುದಿಲ್ಲ. ಕೆಲವು ಕಡೆ ತಡವಾಗಿ ಬರುತ್ತದೆ, ಕೆಲವು ಕಡೆ ಕೇಳಿದರೆ ಮಾತ್ರ ಬರುತ್ತದೆ. ಆದ್ದರಿಂದ ಕೈಯಲ್ಲಿ ಒಂದು ಕೆಲಸ ಇಟ್ಟುಕೊಂಡೇ ಬರೆಯಿರಿ. ಆದರೆ ಕೇಳುವುದಕ್ಕೆ ಸಂಕೋಚ ಪಡಬೇಡಿ. ‘ಹೆಸರು ಬರುತ್ತದಲ್ಲ, ಸಾಕು’ ಎಂದು ಯಾರಾದರೂ ಹೇಳಿದರೆ, ಸಂಭಾವನೆ ಎಷ್ಟು ಎಂದು ಗೌರವದಿಂದಲೇ ಕೇಳಿ. ಬಸ್ಸು, ಊಟ, ಎರಡು ದಿನದ ಓಡಾಟ ನಿಮ್ಮ ಕೈಯಿಂದ ಹೋಗಿರುತ್ತದೆ.

ಹಕ್ಕಿನ ವಿಷಯ ತಿಳಿದುಕೊಳ್ಳಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ನೀವು ಆ ಪತ್ರಿಕೆಯ ನೌಕರರಲ್ಲದಿದ್ದರೆ, ನಿಮ್ಮ ಬರಹದ ಮೊದಲ ಒಡೆತನ ನಿಮ್ಮದೇ. ಅದನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ ನಿಮ್ಮ ಸಹಿಯಿರುವ ಬರಹ ಬೇಕು, ಬಾಯಿಮಾತು ಸಾಲದು. ಎಷ್ಟು ವರ್ಷಕ್ಕೆ ಎಂದು ಆ ಪತ್ರದಲ್ಲಿ ಹೇಳದಿದ್ದರೆ 5 ವರ್ಷ ಎಂದು ಕಾಯ್ದೆ ಎಣಿಸುತ್ತದೆ. ಯಾರಾದರೂ ಕಾಗದ ಮುಂದಿಟ್ಟರೆ ಪೂರ್ತಿ ಓದಿ ಸಹಿ ಮಾಡಿ. ಮುಂದೆ ನೀವು ಪುಸ್ತಕ ಮಾಡುವಾಗ ಅದೇ ಲೇಖನ ನಿಮಗೆ ಬೇಕಾಗುತ್ತದೆ.

ಹೋಟೆಲು, ರೆಸಾರ್ಟಿನವರು ಊಟ, ವಸತಿ ಕೊಟ್ಟು ಬರೆಯಿರಿ ಎಂದು ಕರೆಯುವ ಕಾಲವೂ ನಿಮಗೆ ಬರಬಹುದು. ಹೋದರೆ, ಅವರ ಆತಿಥ್ಯದಲ್ಲಿ ಹೋಗಿದ್ದೆ ಎಂದು ಲೇಖನದಲ್ಲೇ ಬರೆಯಿರಿ. ಈ ವಿಷಯದಲ್ಲಿ ನಾನು ಕಟ್ಟುನಿಟ್ಟು. ಓದುಗರು ನಿಮ್ಮ ಮಾತು ನಂಬಿ ಸಂಸಾರ ಕಟ್ಟಿಕೊಂಡು ಹೊರಡುತ್ತಾರೆ, ಅವರ ವರ್ಷದ ಉಳಿತಾಯ ಅದರಲ್ಲಿರುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಬರುವ ಸೋಮವಾರದಿಂದ ಒಂದು ವಾರ ಜೇಬಿಗೆ ಹಿಡಿಯುವ ನೋಟ್‌ಬುಕ್ಕು ಇಟ್ಟುಕೊಳ್ಳಿ. ಊರಲ್ಲೇ ಇರಿ. ದಿನಕ್ಕೆ ಒಬ್ಬರ ಹತ್ತಿರ ನಿಂತು ಮಾತಾಡಿ. ಅವರ ಕೆಲಸದ ಸಾಮಾನಿಗೆ ಅವರು ಏನನ್ನುತ್ತಾರೋ ಅದೇ ಮಾತನ್ನು ಬರೆದುಕೊಳ್ಳಿ, ಬೆಲೆ ಕೇಳಿ, ಎಷ್ಟು ಗಂಟೆಗೆ ಏಳುತ್ತಾರೆ ಎಂದು ಕೇಳಿ. ಬರೆದದ್ದನ್ನು ಅವರಿಗೇ ಒಮ್ಮೆ ಓದಿ ಹೇಳಿ, ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಇಸವಿಯನ್ನೋ ಅಳತೆಯನ್ನೋ ಬರೆಯುವ ಮುನ್ನ ಗ್ಯಾಸೆಟಿಯರ್ ತೆಗೆದು ನೋಡಿ. ರೀಲ್ಸ್ ಮಾಡುವವರು ಮಾಡಿ, ಬೇಡ ಎನ್ನುವುದಿಲ್ಲ. ಆ ರಾತ್ರಿಯೇ ಕೂತು ಒಂದು ಪುಟವನ್ನೂ ಬರೆಯಿರಿ. ಹಿಮಾಚಲಕ್ಕೂ ಹೋಗಿ, ಪೆರುವಿಗೂ ಹೋಗಿ. ಇಲ್ಲಿಯ ಭಟ್ಟಿಯ ಮುಂದೆ ಕೂತು ಕೇಳಲು ಕಲಿತವರಿಗೆ ಅಲ್ಲಿಯೂ ಏನು ಕೇಳಬೇಕೆಂದು ತಿಳಿದಿರುತ್ತದೆ.

ಕಾಲೇಜುಗಳ ಕನ್ನಡ ಅಧ್ಯಾಪಕರಲ್ಲೂ ಒಂದು ವಿನಂತಿ. ನಿಮ್ಮ ವಿದ್ಯಾರ್ಥಿಗಳು ಇಂಥ ಬರಹ ತಂದರೆ ಅಂಕದ ಆಚೆಗೂ ಓದಿ, ವಾರ್ಷಿಕ ಸಂಚಿಕೆಯಲ್ಲಿ ಕವನಗಳ ನಡುವೆ ಅದಕ್ಕೂ ನಾಲ್ಕು ಪುಟ ಕೊಡಿ.

ನಮ್ಮ ಬೀದಿಯ ಹುಡುಗಿ ಮಂಡಕ್ಕಿ ಭಟ್ಟಿಯ ಬಗ್ಗೆ ಬರೆದು ಮುಗಿಸಿದ್ದಾಳೆ. ಮೊದಲ ಎರಡು ಪ್ಯಾರಾ ತೆಗೆದು ಮೂರನೆಯದರಿಂದ ಶುರು ಮಾಡು ಎಂದು ಹೇಳಿದ್ದೇನೆ, ತಿದ್ದುತ್ತಿದ್ದಾಳೆ. ನಿಮ್ಮಲ್ಲಿ ಯಾರಿಗಾದರೂ ಬರೆದದ್ದನ್ನು ತೋರಿಸಬೇಕು ಎನಿಸಿದರೆ ಭಾನುವಾರ ಬೆಳಗ್ಗೆ ಹತ್ತರ ಮೇಲೆ ಆವರಗೆರೆಗೆ ಬನ್ನಿ. ಟೀಚರ್ ಮನೆ ಎಂದರೆ ಬೀದಿಯಲ್ಲಿ ಯಾರಾದರೂ ತೋರಿಸುತ್ತಾರೆ. ಹಾಳೆಯ ಒಂದೇ ಬದಿಗೆ, ಸಾಲುಗಳ ನಡುವೆ ಜಾಗ ಬಿಟ್ಟು ಬರೆದು ತನ್ನಿ. ತಿದ್ದುವುದಕ್ಕೆ ಜಾಗ ಬೇಕು.

ಇತಿ ನಿಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ
ಆವರಗೆರೆ, ದಾವಣಗೆರೆ